ಅಂಜುವ ಜೀವವನ್ನು ಎತ್ತಿಕೊಳ್ಳುವ ಬಗೆ

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ಹೊರಟವರಿಗೆ ನಡುವೆ ಬ್ಯಾಟರಾಯನಪುರ ಸಿಗುತ್ತದೆ. ಊರೆಂದು ಕರೆಯುವುದು ಈಗ ರೂಢಿಯ ಮಾತು. 2007ರಲ್ಲಿ ಅದು ಬೃಹತ್ ಬೆಂಗಳೂರಿನೊಳಗೆ ಸೇರಿಹೋಯಿತು. ಬ್ಯಾಟರಾಯನೆಂದರೆ ಬೇಟೆರಾಯ, ಬೇಟೆಗೆ ಹೊರಟ ಸ್ವಾಮಿ ಎಂದು ಹೆಸರಿಗೆ ಅರ್ಥ ಹೇಳುವವರುಂಟು. ಬೇಟೆಯ ಹೆಸರು ಹೊತ್ತ ಈ ಸ್ಥಳದ ಒಂದು ಜೈನ ಮನೆಗೆ 2023ರ ಮಹಾವೀರ ಜಯಂತಿಯ ಮರುದಿನ ಒಂದು ಬಿಳಿಯ ಮೊಲ ಬಂದಿತು.

ತಂದವರು ಮನೆಯ ಯಜಮಾನರು, ದಿನಸಿ ವ್ಯಾಪಾರಿಗಳು. ಪೇಟೆಯ ಅಂಗಡಿಯೊಂದರಲ್ಲಿ ಸಾಕುವವರಿಗೂ ಮಾಂಸಕ್ಕೆ ಒಯ್ಯುವವರಿಗೂ ಒಂದೇ ಪಂಜರದಿಂದ ಮೊಲಗಳನ್ನು ತೆಗೆದುಕೊಡುತ್ತಿದ್ದುದನ್ನು ಕಂಡು, ಒಂದು ಜೀವವನ್ನಾದರೂ ಬಿಡಿಸೋಣವೆಂದು ಹಣ ತೆತ್ತು ತಂದಿದ್ದರು. ಎಂಟು ವರ್ಷದ ಮೊಮ್ಮಗಳು ಅದರ ಬಣ್ಣವನ್ನು ನೋಡಿ ‘ಅರಳೆ’ ಎಂದು ಹೆಸರಿಟ್ಟಳು. ಅಭಯದಾನ ಮಾಡಿದೆವೆಂಬ ತೃಪ್ತಿ ಮನೆಯಲ್ಲಿ ಹಲವು ದಿನ ಇತ್ತು. ಅಭಯವನ್ನು ಪಡೆದ ಮೊಲಕ್ಕೆ ಮಾತ್ರ ಆ ಸಂಗತಿ ತಿಳಿದಿರಲಿಲ್ಲ.

ಅಂಗಡಿಯವನು ಮೊಲವನ್ನು ಎರಡು ಕಿವಿ ಹಿಡಿದು ಎತ್ತಿಕೊಟ್ಟಿದ್ದ. ಯಜಮಾನರೂ ಹಾಗೆಯೇ ಎತ್ತತೊಡಗಿದರು. ಸೊಸೆ ತಡೆದರೆ, “ಸಂತೆಯಲ್ಲಿ ಎಲ್ಲರೂ ಹೀಗೇ ಎತ್ತುವುದಮ್ಮ, ಅಷ್ಟುದ್ದ ಕಿವಿ ಇನ್ನೇತಕ್ಕೆ?” ಎನ್ನುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹಟಮಾರಿಗಳನ್ನು ಕುರಿತು ಹುಟ್ಟಿದ್ದು. ಇಲ್ಲಿ ಹಟದ ಜೊತೆಗೆ ಮೊಲವೂ ಕೈಯಲ್ಲಿತ್ತು. ಮೊಮ್ಮಗಳ ರೀತಿ ಬೇರೆ. ಶಾಲೆಯಿಂದ ಬಂದೊಡನೆ ಓಡಿಹೋಗಿ ಅದನ್ನು ಅಟ್ಟಿ ಹಿಡಿದು ಎದೆಗೆ ಅಪ್ಪಿಕೊಳ್ಳುವಳು. ತಿಂಗಳು ತುಂಬುವುದರೊಳಗೆ ಅವಳ ಮುಂಗೈಯಲ್ಲಿ ಗೀರುಗಳು ಮೂಡಿದ್ದವು. ಹೆಜ್ಜೆಯ ಸಪ್ಪಳವಾದರೆ ಸಾಕು, ಅರಳೆ ಮಂಚದ ಕೆಳಗೆ ಸೇರಿ ಹಿಂಗಾಲಿನಿಂದ ನೆಲವನ್ನು ಬಡಿಯುತ್ತಿತ್ತು. ಅಪಾಯ ಬಂದಿತೆಂದು ಬಿಲದೊಳಗಿನ ತನ್ನವರನ್ನು ಎಚ್ಚರಿಸಲು ಮೊಲಗಳು ಕೊಡುವ ಸೂಚನೆ ಅದು. ಆ ಮನೆಯಲ್ಲಿ ಎಚ್ಚರಿಸಲು ಅದಕ್ಕೆ ತನ್ನವರೆಂಬುವರು ಯಾರೂ ಇರಲಿಲ್ಲ.

ಮಳೆಗಾಲದಲ್ಲಿ ಅನಾಹುತವಾಯಿತು. ಮೊಲದ ಹಿಂಭಾಗದ ತುಪ್ಪಳು ತೇವದಿಂದ ಕೊಳೆಯಾದರೆ ನೊಣಗಳು ಮೊಟ್ಟೆಯಿಟ್ಟು ಹುಳು ಬೀಳುತ್ತವೆ, ನಿತ್ಯ ನೋಡಿಕೊಳ್ಳಬೇಕು ಎಂದು ಯಾರೋ ತಿಳಿದವರು ಹೇಳಿದ್ದರು. ನೋಡಲೆಂದು ಯಜಮಾನರು ಕಿವಿ ಹಿಡಿದು ಎತ್ತಿದರು. ಅರಳೆ ಗಾಳಿಯಲ್ಲಿ ಎರಡು ಬಾರಿ ಬಲವಾಗಿ ಒದ್ದು, ಸೊಂಟದೆತ್ತರದಿಂದ ನೆಲಕ್ಕೆ ಬಿದ್ದು, ಹಿಂಗಾಲನ್ನು ಎಳೆಯುತ್ತ ಮೂಲೆ ಸೇರಿತು. ತರಕಾರಿಯ ಬುಟ್ಟಿಯಲ್ಲಿ ಟವೆಲ್ ಹಾಸಿ ಅದನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದರು. 1958ರಲ್ಲಿ ಸ್ಥಾಪನೆಯಾದ ಆ ವಿದ್ಯಾಸಂಸ್ಥೆ ಮೊದಲು ಹಳ್ಳಿಯ ದನಕರುಗಳಿಗೆ ಹೇಗೋ, ಈಗ ನಗರದ ಇಂಥ ಸಣ್ಣ ಜೀವಗಳಿಗೂ ಹಾಗೆಯೇ ಆಸರೆಯಾಗಿದೆ.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ವೈದ್ಯೆ ಹೇಳಿದ ಮಾತು ಮಾತ್ರ ಯಜಮಾನರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮೊಲದ ಅಸ್ಥಿಪಂಜರ ಅದರ ಒಟ್ಟು ತೂಕದ ನೂರಕ್ಕೆ ಸುಮಾರು 8 ಪಾಲು ಮಾತ್ರ; ಬೆಕ್ಕಿನದಾದರೆ 12-13 ಪಾಲು. ಮೂಳೆ ಇಷ್ಟು ಹಗುರ, ತೊಡೆಯ ಸ್ನಾಯುಗಳೋ ಬಹು ಬಲಿಷ್ಠ. ಹಿಂಗಾಲಿಗೆ ಆಧಾರವಿಲ್ಲದೆ ತೂಗಾಡುವಾಗ ಅದು ಬೆದರಿ ಒದ್ದರೆ, ಆ ಒದೆತದ ಬಲಕ್ಕೇ ಅದರ ಬೆನ್ನುಮೂಳೆ ಮುರಿಯಬಹುದು. ಕೆಳಗೆ ಬೀಳಲೇಬೇಕೆಂದಿಲ್ಲ. ಅಂದರೆ ಮೊಲವನ್ನು ಕೊಲ್ಲುವುದಕ್ಕೆ ಅದರ ಭಯವೇ ಸಾಕು. ಎತ್ತಿದ ಕೈ ನೆಪಮಾತ್ರ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳಿವೆಯೆಂಬುದನ್ನು ತತ್ತ್ವಾರ್ಥಸೂತ್ರದ ಪರಿಚಯವುಳ್ಳ ಶ್ರಾವಕರೆಲ್ಲರೂ ಬಲ್ಲರು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರಿಸುವುದು, ಅನ್ನನೀರನ್ನು ತಡೆಯುವುದು. ಐದೂ ಮನೆಯಲ್ಲಿ ಸಾಕಿದ ಪ್ರಾಣಿಗಳನ್ನು ಕುರಿತೇ ಹೇಳಿದಂತಿವೆ. ಇವುಗಳಲ್ಲಿ ಒಂದನ್ನೂ ತಾವು ಮಾಡಿಲ್ಲವೆಂದು ಯಜಮಾನರು ನಂಬಿದ್ದರು. ಆದರೆ ಪ್ರಮಾದದಿಂದ ಪ್ರಾಣಕ್ಕೆ ಕೇಡಾದರೆ ಅದು ಹಿಂಸೆಯೇ ಎಂದು ಅದೇ ಗ್ರಂಥ ಹೇಳುತ್ತದೆ. ಪ್ರೀತಿಯಿಂದ ಮಾಡಿದ ಪ್ರಮಾದಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ಅನಗತ್ಯ ನೋವಾಗುವ ರೀತಿಯಲ್ಲಿ ಪ್ರಾಣಿಯನ್ನು ಒಯ್ಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧವೇ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ನೆರೆಮನೆಯ ಹುಡುಗನೊಬ್ಬ ಒಂದು ಉಪಾಯ ತೋರಿಸಿದ್ದ. ಮೊಲವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದರೆ ಅದು ಅಲುಗದೆ, ಕಣ್ಣನ್ನೂ ಮಿಟುಕಿಸದೆ ಬಿದ್ದಿರುತ್ತದೆ. “ತಾತಾ, ಅರಳೆ ಧ್ಯಾನ ಮಾಡ್ತಿದೆ ನೋಡಿ” ಎಂದು ಮೊಮ್ಮಗಳು ಕುಣಿದಾಡಿದ್ದಳು. ವೈದ್ಯೆ ಇದನ್ನು ಕೇಳಿ ಒಮ್ಮೆಲೇ ಗಂಭೀರರಾದರು. ಬೇಟೆಗಾರ ಪ್ರಾಣಿಯ ಬಾಯಿಗೆ ಸಿಕ್ಕ ಜೀವ ಕೊನೆಯ ಉಪಾಯವಾಗಿ ಸತ್ತಂತೆ ಬೀಳುವುದು ಅದು. ಸುಖದ ಲಕ್ಷಣವಲ್ಲ, ಭಯದ ತುತ್ತತುದಿ ಎಂದರು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಗಳಿಗೆಲ್ಲ ಸಾಮಾನ್ಯವೆಂದು ನಾವು ಬಾಯಿಪಾಠ ಮಾಡಿರುತ್ತೇವೆ. ಆದರೂ ತೊಡೆಯ ಮೇಲೆ ಭಯಸಂಜ್ಞೆ ಮೂರ್ತಿವೆತ್ತು ಬಿದ್ದಿದ್ದರೆ ಅದನ್ನು ಧ್ಯಾನವೆಂದು ಕರೆದು ಸಂತೋಷಪಡುತ್ತೇವೆ. ಸದ್ದಿಲ್ಲದೆ ಸಹಿಸುವವರನ್ನು ಕಂಡು ಒಪ್ಪಿದ್ದಾರೆಂದು ತಿಳಿಯುವ ಅಭ್ಯಾಸ ಮನುಷ್ಯರಿಗೆ ಮೊಲಗಳ ವಿಷಯದಲ್ಲಿ ಮಾತ್ರ ಇರುವುದೇ ಎಂಬುದು ಬೇರೆ ವಿಚಾರ.

ಮನೆಗೆ ಬಂದ ಮೇಲೆ ಯಜಮಾನರು ಮೊಲವನ್ನು ಬಿಟ್ಟುಬಿಡುವ ಮಾತೆತ್ತಿದರು. ಹತ್ತಿರದಲ್ಲೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ವಿಶಾಲವಾದ ಆವರಣವಿದೆ. ಮರಗಿಡ, ಹುಲ್ಲು ಬೇಕಾದಷ್ಟು. ಕಟ್ಟಿಹಾಕಿದ ದೋಷವಾದರೂ ತಪ್ಪೀತು ಎಂಬುದು ಅವರ ಲೆಕ್ಕ. ಜೀವದಯೆಯ ಹೆಸರಿನಲ್ಲಿ ಇಂಥ ಬಿಡುಗಡೆಗಳು ನಮ್ಮಲ್ಲಿ ನಡೆಯುವುದುಂಟು. ಬಿಟ್ಟ ಪ್ರಾಣಿ ಮರುದಿನ ಏನಾಯಿತೆಂದು ನೋಡಲು ಹೋಗುವವರು ಕಡಿಮೆ. ನಮ್ಮ ಕಾಡುಮೇಡುಗಳ ಮೊಲ ಬೇರೆ ಜಾತಿಯದು. ಅದು ಬಿಲ ತೋಡುವುದಿಲ್ಲ. ಅದರ ಮರಿ ತುಪ್ಪಳಿನೊಡನೆ, ಕಣ್ತೆರೆದುಕೊಂಡೇ ಹುಟ್ಟುತ್ತದೆ. ಅದನ್ನು 1972ರ ವನ್ಯಜೀವಿ ಕಾಯಿದೆ ರಕ್ಷಿಸುತ್ತದೆ. ಅರಳೆಯಂಥವುಗಳ ಮೂಲ ಯೂರೋಪಿನ ಬಿಲವಾಸಿ ಮೊಲ. ಮರಿ ಬೆತ್ತಲೆಯಾಗಿ, ಕುರುಡಾಗಿ ಹುಟ್ಟುತ್ತದೆ. ಪಂಜರದಲ್ಲಿ ಬೆಳೆದ ಅಚ್ಚಬಿಳಿಯ ಮೊಲ ಬಯಲಿನಲ್ಲಿ ಹದ್ದಿಗೂ ಬೀದಿನಾಯಿಗೂ ದೂರದಿಂದಲೇ ಕಾಣುತ್ತದೆ. “ಬಿಡುವುದಾದರೆ ನಾಯಿಯ ಬಾಯಿಗೇ ನೇರವಾಗಿ ಕೊಟ್ಟು ಬನ್ನಿ” ಎಂದು ಅಜ್ಜಿ ಸಿಡುಕಿದರಂತೆ. ಆ ಮಾತು ಅಲ್ಲಿಗೆ ನಿಂತಿತು.

ಅಜ್ಜಿಗೂ ಅವರದೇ ಆದ ಧರ್ಮಸಂಕಟಗಳಿದ್ದವು. ಕಂದಮೂಲ ವರ್ಜ್ಯವಾದ ಮನೆಯಲ್ಲಿ ಮೊಲಕ್ಕೆಂದು ಕ್ಯಾರೆಟ್ ತರುವುದೆ? ಕ್ಯಾರೆಟ್ಟಿನಲ್ಲಿ ಸಿಹಿ ಹೆಚ್ಚು, ಅದು ಮೊಲದ ನಿತ್ಯದ ಆಹಾರವೇ ಅಲ್ಲ, ಒಣಹುಲ್ಲು ಹಾಕಿ ಎಂದು ವೈದ್ಯೆ ಹೇಳಿದ್ದು ಅವರಿಗೆ ದೊಡ್ಡ ಸಮಾಧಾನ. ರಾತ್ರಿಯ ಹುಲ್ಲಿನದೇ ಕಷ್ಟ. ಸೂರ್ಯಾಸ್ತದ ಮೇಲೆ ಒಲೆ ಹಚ್ಚದ ಮನೆ ಅದು. ಅರಳೆ ಚುರುಕಾಗುವುದೇ ಮುಸ್ಸಂಜೆಯ ನಂತರ. ಅರ್ಧ ದಿನ ಹೊಟ್ಟೆಗೇನೂ ಹೋಗದಿದ್ದರೆ ಮೊಲದ ಕರುಳಿನ ಚಲನೆ ನಿಂತು ಪ್ರಾಣಕ್ಕೆ ಅಪಾಯ. ವ್ರತ ನಮ್ಮದು, ಹಸಿವು ಅದರದು ಎಂದು ಅಜ್ಜಿಯೇ ತೀರ್ಮಾನಿಸಿ ಬುಟ್ಟಿ ತುಂಬ ಹುಲ್ಲಿಟ್ಟು ಮಲಗತೊಡಗಿದರು.

ಎತ್ತುವ ಅಭ್ಯಾಸ ಆರಂಭವಾದದ್ದು ಎತ್ತದಿರುವುದರಿಂದ. ಎರಡು ವಾರ ಯಾರೂ ಅದನ್ನು ಹಿಡಿಯಕೂಡದು, ದಿನಕ್ಕೆ ಅರ್ಧ ಗಂಟೆ ನೆಲದ ಮೇಲೆ, ಅದರ ಕಡೆಗೆ ನೆಟ್ಟ ನೋಟವಿಡದೆ, ಓರೆಯಾಗಿ ಕುಳಿತಿರಬೇಕು, ಬಂದರೆ ಬರಲಿ. ಮೊಲದ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಹಿಂದೆ, ಮೇಲೆ ಎಲ್ಲ ಕಡೆಯೂ ಕಾಣುತ್ತದೆ. ಮೂಗಿನ ತುದಿಯ ಕೆಳಗೆ ಮಾತ್ರ ಕಾಣದು. ಮೇಲಿನಿಂದ ಇಳಿಯುವ ಕೈ ಅದಕ್ಕೆ ಹದ್ದು. ಮೂಗಿನಡಿ ಥಟ್ಟನೆ ನುಗ್ಗುವ ಕೈ ಎಲ್ಲಿಂದಲೋ ಬಂದ ಆಪತ್ತು. ಪಕ್ಕದಿಂದ ಬಂದು ಹಣೆಯನ್ನೂ ಕೆನ್ನೆಯನ್ನೂ ಸವರುವ ಕೈಯನ್ನು ಅದು ಬೇಗ ಒಪ್ಪುತ್ತದೆ. ಅನಂತರ ಒಂದು ಅಂಗೈಯನ್ನು ಎದೆಯ ಕೆಳಗೆ ತೂರಿಸಿ, ಮುಂಗಾಲುಗಳನ್ನು ನೆಲದಿಂದ ಬೆರಳಗಲ ಎತ್ತಿ ಇಳಿಸಬೇಕು; ಕೊತ್ತಂಬರಿಯ ಒಂದು ಎಸಳು ಕೊಡಬೇಕು. ಹಲವು ದಿನಗಳ ಮೇಲೆ ಇನ್ನೊಂದು ಕೈ ಹಿಂಭಾಗದ ಕೆಳಗೆ ಹೋಗಿ, ಎರಡೂ ಕೈಗಳಿಂದ ಅದನ್ನು ಮೈಗೆ ಒತ್ತಿಕೊಂಡು, ಐದು ಎಣಿಸಿ ಮತ್ತೆ ನೆಲಕ್ಕೆ. ಇಳಿಸುವಾಗ ಹಿಂಗಾಲು ಮೊದಲು ನೆಲ ಮುಟ್ಟಬೇಕು. ಬೆದರಿ ಕೊಸರುವುದಕ್ಕೆ ಮುಂಚೆಯೇ ಇಳಿಸಬೇಕು. ಕುಳಿತೇ ಎತ್ತಬೇಕು, ಜಾರಿದರೂ ಗೇಣೆತ್ತರ ಮೀರದಂತಿರಬೇಕು. ಮೊಮ್ಮಗಳಿಗೆ ಈ ಎಣಿಕೆಯ ಜವಾಬ್ದಾರಿ ಸಿಕ್ಕಿತು. ಅವಳು ಒಂದು, ಎರಡು ಎಂದು ಎಣಿಸುವಾಗ ಅಷ್ಟು ಮೆಲ್ಲನೆಯ ದನಿ ಅವಳಿಗೆ ಎಲ್ಲಿಂದ ಬಂತೋ ಎಂದು ಸೊಸೆ ಬೆರಗಾಗುತ್ತಿದ್ದಳು.

ಆ ವರ್ಷದ ಭಾದ್ರಪದದ ಪರ್ವದಲ್ಲಿ ಯಜಮಾನರು ಕೇಳಿದ ಪ್ರವಚನವೊಂದರಲ್ಲಿ ಮೇಘಕುಮಾರನ ಕಥೆ ಬಂದಿತು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಜ್ಞಾತಾಧರ್ಮಕಥಾದಲ್ಲಿರುವ ಕಥೆ. ಶ್ರೇಣಿಕರಾಜನ ಮಗ ಮೇಘ ದೀಕ್ಷೆ ಪಡೆದ ರಾತ್ರಿಯೇ, ಬಾಗಿಲ ಬಳಿ ಓಡಾಡುವ ಮುನಿಗಳಿಂದ ನಿದ್ದೆಗೆಟ್ಟು ಮನೆಗೆ ಮರಳುವ ಯೋಚನೆ ಮಾಡುತ್ತಾನೆ. ಆಗ ಮಹಾವೀರಸ್ವಾಮಿ ಅವನಿಗೆ ಪೂರ್ವಜನ್ಮವನ್ನು ನೆನಪಿಸುತ್ತಾರೆ. ಕಾಡ್ಗಿಚ್ಚಿನಲ್ಲಿ ಪ್ರಾಣಿಗಳೆಲ್ಲ ಆನೆಯೊಂದು ತೆರವು ಮಾಡಿದ್ದ ಬಯಲಿನಲ್ಲಿ ಕಿಕ್ಕಿರಿದು ನಿಂತಿದ್ದಾಗ, ಮೈ ತುರಿಸಲು ಆನೆ ಒಂದು ಕಾಲೆತ್ತಿತು. ಆ ಖಾಲಿ ಜಾಗಕ್ಕೆ ಮೊಲವೊಂದು ಬಂದು ಕುಳಿತಿತು. ಕಾಲೂರಿದರೆ ಮೊಲ ಸಾಯುವುದೆಂದು ಆನೆ ಎರಡೂವರೆ ದಿನ ಕಾಲನ್ನು ಎತ್ತಿಯೇ ನಿಂತಿತು. ಎಷ್ಟೋ ಸಲ ಕೇಳಿದ್ದ ಕಥೆ. ಆದರೆ ಆನೆ ಆ ಮೊಲವನ್ನು ಸೊಂಡಿಲಿನಿಂದ ಎತ್ತಲೂ ಇಲ್ಲ, ಮುದ್ದಿಸಲೂ ಇಲ್ಲ. ಅದು ಹಿಡಿತದಲ್ಲಿಟ್ಟುಕೊಂಡದ್ದು ತನ್ನ ಕಾಲನ್ನು ಎಂಬುದು ಅವರಿಗೆ ಹೊಳೆದದ್ದು ಅಂದೇ.

ದೀಪಾವಳಿಯ ಆಸುಪಾಸಿನ ಒಂದು ಬೆಳಿಗ್ಗೆ ಅರಳೆ ತಾನಾಗಿ ಬಂದು ಅವರ ಪಾದಕ್ಕೆ ಒರಗಿ, ಹಲ್ಲುಗಳನ್ನು ಮೆಲ್ಲಗೆ ಮಸೆಯುತ್ತ ಕಣ್ಣು ಮುಚ್ಚಿತು. ಹೀಗೆ ಮೆಲುವಾಗಿ ಹಲ್ಲು ಮಸೆಯುವುದು ಅದರ ನೆಮ್ಮದಿಯ ಗುರುತು. ಅಂಗಡಿ ಬಾಗಿಲು ಆ ದಿನ ಅರ್ಧ ಗಂಟೆ ತಡವಾಗಿ ತೆರೆಯಿತು. ಕಾದಿದ್ದ ಗಿರಾಕಿಗಳಿಗೆ ಅವರು, ಕಾಲು ಜೋಮು ಹಿಡಿದಿತ್ತು ಎಂದಷ್ಟೇ ಹೇಳಿದರು.

ಅರಳೆಗೆ ಎತ್ತಿಸಿಕೊಳ್ಳುವುದು ಇಂದಿಗೂ ಇಷ್ಟವಲ್ಲ. ಎಲ್ಲ ಮೊಲಗಳೂ ಇಷ್ಟಪಡುವುದಿಲ್ಲ; ಪಡಲೇಬೇಕೆಂಬ ಒತ್ತಾಯವೂ ಈಗ ಆ ಮನೆಯಲ್ಲಿಲ್ಲ. ಮೈ ನೋಡಲು, ಉಗುರು ತೆಗೆಯಲು ಮಾತ್ರ ಎತ್ತುತ್ತಾರೆ. ಯಜಮಾನರು ಹಿಡಿದುಕೊಳ್ಳುತ್ತಾರೆ, ಸೊಸೆ ಉಗುರೊಳಗಿನ ಕೆಂಪು ನರ ಬಿಟ್ಟು ತುದಿಯನ್ನಷ್ಟೇ ಕತ್ತರಿಸುತ್ತಾಳೆ, ಮೊಮ್ಮಗಳು ಕೊತ್ತಂಬರಿ ಹಿಡಿದು ಎದುರಿಗೆ ಕುಳಿತಿರುತ್ತಾಳೆ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳು. ಕಳೆದ ಸಲ 14 ಆಗುವಷ್ಟರಲ್ಲಿ ಅದರ ಮೈ ಬಿಗಿಯತೊಡಗಿತು. ಸೊಸೆ ಕತ್ತರಿಯನ್ನು ಕೆಳಗಿಟ್ಟಳು. ಉಳಿದ ನಾಲ್ಕನ್ನು ಭಾನುವಾರ ನೋಡೋಣ ಎಂದು ಯಜಮಾನರು ಅದನ್ನು ಹಿಂಗಾಲು ಮೊದಲಾಗಿ ನೆಲಕ್ಕಿಳಿಸಿದರು.