ಹಿಡಿಯಷ್ಟು ಮರ

ಅಂಗಿಯ ಗುಂಡಿ ಕಿತ್ತುಹೋಗಿತ್ತು. ಹ್ಯೂಸ್ಟನ್ನಿನಲ್ಲಿರುವ ಅಕ್ಕನ ಮಗನ ಮನೆಗೆ ಬಂದು ಮೂರು ದಿನವಾಗಿತ್ತಷ್ಟೆ. ಇದೊಂದಕ್ಕೆ ಯಾರನ್ನೂ ಎಬ್ಬಿಸುವುದು ಬೇಡವೆಂದು ಕಪಾಟು ತಡಕಿದಾಗ ಬೆಣ್ಣೆ ಬಿಸ್ಕತ್ತಿನ ನೀಲಿ ತಗಡಿನ ಡಬ್ಬಿ ಸಿಕ್ಕಿತು. ಅಂಥ ಡಬ್ಬಿಯೊಳಗೆ ಬಿಸ್ಕತ್ತು ಇರುವುದಿಲ್ಲ, ಸೂಜಿ, ದಾರ, ಹಳೆಯ ಗುಂಡಿ ಇರುತ್ತವೆ ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಆ ಭರವಸೆಯಿಂದಲೇ ಮುಚ್ಚಳ ತೆಗೆದೆ. ಒಳಗಿದ್ದದ್ದು ಜೋಡಿ ಜೋಡಿ ಮರದ ತುಂಡುಗಳು, ಕಪ್ಪು ರಬ್ಬರಿನ ಗಡ್ಡೆಗಳು. ಕೆಲವಕ್ಕೆ ಬೆರಳು ಕೂರುವಂತೆ ಅಲೆಯಲೆಯಾಗಿ ತಗ್ಗು. ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಒಂದೊಂದೂ ಯಾವುದೋ ಅಂಗದ ಆಕಾರ ಹೊತ್ತು ಬಿದ್ದಿದ್ದವು.

"ಗುಂಡಿ ಡಬ್ಬಿ ಅಲ್ಲ ಮಾವ ಅದು," ಎಂದು ಹಿಂದಿನಿಂದ ಅಳಿಯನ ದನಿ ಬಂತು. "ಗುಂಡಿಗೆ ಸಂಬಂಧಪಟ್ಟದ್ದು."

ಅಳಿಯನದು ಸ್ವಂತ ಔಷಧಿ ಅಂಗಡಿ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ, ಕತ್ತಲಲ್ಲಿ ಕಾರಿನವರೆಗೆ ನಡೆಯಬೇಕು. ಎರಡು ವರ್ಷದ ಹಿಂದೆ ಪಕ್ಕದ ಅಂಗಡಿಯವನನ್ನು ಯಾರೋ ಅಡ್ಡಹಾಕಿದ ಮೇಲೆ ಇವನು ಒಂದು ಪುಟ್ಟ ರಿವಾಲ್ವರ್ ಕೊಂಡ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಇಪ್ಪತ್ತೊಂದು ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರಾದರೂ ಪರವಾನಗಿ ಇಲ್ಲದೆಯೂ ಕೈಕೋವಿ ಇಟ್ಟುಕೊಂಡು ಓಡಾಡಬಹುದು. ಇವನು ಮಾತ್ರ ತರಬೇತಿಗೆ ಹೋಗಿ, ಪರೀಕ್ಷೆ ಕೊಟ್ಟು ಪರವಾನಗಿಯನ್ನೂ ಮಾಡಿಸಿಕೊಂಡಿದ್ದಾನೆ. ಅಪ್ಪನಿಗೆ ತಕ್ಕ ಮಗ. ನಮ್ಮ ಭಾವ ಸೈಕಲ್ಲಿಗೂ ರಸೀದಿ ಇಟ್ಟುಕೊಂಡಿದ್ದವರು.

ನಾನು ರಿವಾಲ್ವರನ್ನು ನೋಡಿದೆನೇ ಹೊರತು ಮುಟ್ಟಲಿಲ್ಲ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಪ್ರವಾಸಿ ವೀಸಾದಲ್ಲಿ ಬಂದವರ ಕೈಗೆ ಕೋವಿ ಬರಕೂಡದೆಂದು ಅಮೆರಿಕದ ಕಾನೂನು. ಹೀಗಾಗಿ ನನ್ನ ಪಾಲಿಗೆ ಬಂದದ್ದು ಅದಕ್ಕೆಂದು ಕೊಂಡ ಹಿಡಿಗಳ ಡಬ್ಬಿ. ಆಯುಧವಿಲ್ಲದ ಹಿಡಿಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ತೂಗುತ್ತ ಕೂತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಬಂದೂಕು ಹೊಸದೇನಲ್ಲ. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬಂದೂಕು ಹಾರಿಸಿದ್ದೇನೆ. ನಿಜದ ಬಂದೂಕನ್ನು ಒಮ್ಮೆಯೂ ಮುಟ್ಟಿಲ್ಲ. ಗುಂಡಿನ ರಾಶಿ ಇಷ್ಟು, ವೇಗ ಇಷ್ಟು, ಬಂದೂಕಿನ ರಾಶಿ ಇಷ್ಟಾದರೆ ಅದು ಹಿಮ್ಮೆಟ್ಟುವ ವೇಗವೆಷ್ಟು? ಎರಡು ಅಂಕದ ಪ್ರಶ್ನೆ.

ಆ ಲೆಕ್ಕವನ್ನು ಅಳಿಯನ ರಿವಾಲ್ವರಿಗೂ ಹಚ್ಚಿದೆ. ಸ್ಮಿತ್ ಅಂಡ್ ವೆಸನ್‌ನವರ ಐದು ತೋಟೆಯ 642 ಅದು. ಅದರ ವಂಶದ ಹಿರಿಯ 'ಚೀಫ್ಸ್ ಸ್ಪೆಷಲ್' ಹುಟ್ಟಿದ್ದು 1950ರಲ್ಲಿ. ಪೊಲೀಸ್ ಮುಖ್ಯಸ್ಥರ ಸಮ್ಮೇಳನವೊಂದರಲ್ಲಿ ನಾಮಕರಣವಾದ್ದರಿಂದ ಆ ಹೆಸರು. ನಮ್ಮ ಮಲೆನಾಡಿನ ಕೋವಿಗಳಲ್ಲಿ ಬಡಿದು ಈಡು ಸಿಡಿಸುವ ಕುದುರೆ ಹೊರಗೆ ಕಾಣುತ್ತದೆ. ಇದರಲ್ಲಿ ಕುದುರೆಯನ್ನು ಲಾಯದೊಳಗೇ ಕಟ್ಟಿದ್ದಾರೆ, ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳದಿರಲೆಂದು. ತೂಕ ಸುಮಾರು 425 ಗ್ರಾಂ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಕಮ್ಮಿ. ಹತ್ತು ಗ್ರಾಮಿನ ಗುಂಡು ಸೆಕೆಂಡಿಗೆ 230 ಮೀಟರ್ ವೇಗದಲ್ಲಿ ಮುಂದೆ ಹೋದರೆ ರಿವಾಲ್ವರ್ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಸಂತೆಬೀದಿಯ ಆಟೋ ಓಡುವ ವೇಗ. ಉತ್ತರ ಸರಿಯೇ, ಎರಡಕ್ಕೆ ಎರಡು ಅಂಕ. ಆದರೆ ನನ್ನ ಲೆಕ್ಕದಲ್ಲಿ ಇಷ್ಟು ವರ್ಷ ಕೈ ಇರಲಿಲ್ಲ. ಹಿಂದಕ್ಕೆ ಬಂದ ಬಂದೂಕು ಎಲ್ಲಿಗೆ ಬಂತು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದು ಎಲ್ಲಿಗೆ ಬರುತ್ತದೆಂದು ಭಾನುವಾರ ಕಂಡೆ. ಗುರಿ ಅಭ್ಯಾಸದ ಜಾಗದಲ್ಲಿ ಗಾಜಿನ ಹಿಂದೆ ನಿಂತಿದ್ದೆ. ಅಳಿಯ ಮೂವತ್ತು ಈಡು ಮುಗಿಸಿ ಹೊರಬಂದು ಬಲಗೈ ಚಾಚಿದ. ನಡುಬೆರಳಿನ ಗೆಣ್ಣು ಕೆಂಪಗೆ ಸುಲಿದಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆದು ಚರ್ಮದ ಮೇಲೆ ಗೀರು. "ಇದು ಸಣ್ಣ ಮರದ ಹಿಡಿಯ ಪ್ರಸಾದ ಮಾವ," ಎಂದ. ಟ್ರಿಗರಿನ ಸುತ್ತಲಿನ ಕಂಬಿಗೂ ಹಿಡಿಗೂ ನಡುವೆ ಖಾಲಿ ಜಾಗವಿದೆ. ಬೆರಳು ಅಲ್ಲಿಗೆ ಜಾರುತ್ತದೆ, ಈಡಿಗೊಮ್ಮೆ ಕಂಬಿ ಬಂದು ಗೆಣ್ಣಿಗೆ ಕುಟ್ಟುತ್ತದೆ. ಹಿಂಬದಿಯಲ್ಲಿ ಮರ ಮುಚ್ಚದೆ ಬಿಟ್ಟ ಲೋಹದ ಬೆನ್ನು ಅಂಗೈಗೆ ಗುದ್ದುತ್ತದೆ.

"ಹಾಗಾದರೆ ರಬ್ಬರಿನದು ಹಾಕು ಮಾರಾಯ."

ಹಾಕಿ ನೋಡಿದ್ದನಂತೆ. ಮೂರು ಬೆರಳೂ ಕೂರುವ ದೊಡ್ಡ ರಬ್ಬರ್ ಹಿಡಿ ಕೈಗೆ ದಿಂಬಿನ ಹಾಗೆ. ಆದರೆ ಜೇಬಿಗೆ ಅದು ದಾಯಾದಿ. ಮೊದಲನೆಯದಾಗಿ ಉಬ್ಬಿ ಕಾಣುತ್ತದೆ. ಎರಡನೆಯದಾಗಿ, ಕೈಗೆ ಅಂಟುವ ರಬ್ಬರು ಬಟ್ಟೆಗೂ ಅಂಟುತ್ತದೆ. ರಿವಾಲ್ವರ್ ತೆಗೆಯಲು ಹೋದರೆ ಜೇಬಿನ ಒಳಪದರವೂ ಜೊತೆಗೇ ಹೊರಗೆ ಬರುತ್ತದೆ. ಅಡ್ಡಹಾಕಿದ ಕಳ್ಳನ ಎದುರು ಜೇಬು ತಿರುವಿ ತೋರಿಸಿದರೆ, ಕೊಡಲು ಏನೂ ಇಲ್ಲವೆಂದು ಹೇಳಿದ ಹಾಗೆಯೇ ಆದೀತು. ಹಿಂಬದಿಯನ್ನು ರಬ್ಬರಿನಿಂದ ಮುಚ್ಚಿದರೆ ಗುದ್ದು ಕಡಿಮೆಯಾಗುತ್ತದೆ ನಿಜ. ಆದರೆ ಟ್ರಿಗರ್ ಅಷ್ಟು ದೂರ ಸರಿಯುತ್ತದೆ, ಗಿಡ್ಡ ಬೆರಳಿಗೆ ಎಟುಕುವುದಿಲ್ಲ. ಅರ್ಧ ಕಿಲೋ ಕೂಡ ಇಲ್ಲದ ಈ ಯಂತ್ರದ ಟ್ರಿಗರ್ ಎಳೆಯಲು ಬೇಕಾದ ಬಲ ಐದೂವರೆ ಕಿಲೋದ ಆಸುಪಾಸು. ಬೆರಳ ತುದಿಯಿಂದ ಕೊಡಪಾನ ಎತ್ತಿದ ಹಾಗೆ. ಹಿಡಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಎಳೆತದಲ್ಲೇ ಗುರಿ ತಪ್ಪುತ್ತದೆ.

ಕೈಗೆ ಹಿತವಾದದ್ದು ಜೇಬಿಗೆ ಆಗದು, ಜೇಬಿಗೆ ಒಗ್ಗಿದ್ದು ಕೈಗೆ ಆಗದು. ಈ ಅತ್ತೆ-ಸೊಸೆ ಜಗಳದ ದಾಖಲೆಯೇ ಆ ನೀಲಿ ಡಬ್ಬಿ. ಕ್ರೇಗ್ ಸ್ಪೀಗಲ್ ಎಂಬ ಕುಶಲಿ ತಳಭಾಗ ಮೊಟಕು ಮಾಡಿ ರೂಪಿಸಿದ 'ಬೂಟ್ ಗ್ರಿಪ್' ಮಾದರಿಯ ಜೋಡಿ ಅದರಲ್ಲಿತ್ತು. ಪ್ಯಾಕ್‌ಮೇರ್ ಕಂಪನಿಯ ರಬ್ಬರಿತ್ತು. ಎಡಗಡೆ ಕೆತ್ತು ಕಡಿಮೆಯಾಗಿ ಖಾಲಿ ತೋಟೆಗಳು ಹೊರಬೀಳದೆ ಸಿಕ್ಕಿಕೊಳ್ಳುತ್ತಿದ್ದ ಒಂದು ಚೆಂದದ ಮರದ ಜೋಡಿಯಿತ್ತು. ಗುಲಾಬಿ ಬಣ್ಣದ್ದೂ ಒಂದಿತ್ತು. ಅದು ಬಂದೂಕಿನಂಗಡಿಯವನು ಅಳಿಯನ ಹೆಂಡತಿಗೆಂದು ದಾಟಿಸಿದ್ದು. "ಕೈ ಸಣ್ಣದಿದ್ದರೆ ಅಳತೆ ಸಣ್ಣದು ಮಾಡಬೇಕು ಮಾವ, ಇವರು ಬಣ್ಣ ಬಳಿದು ಕೊಡ್ತಾರೆ," ಎಂದಳು ಅವಳು. ನನಗೆ ನಮ್ಮ ಕಾನ್ಪುರದ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದೇ ತಂದ 'ನಿರ್ಭೀಕ್' ರಿವಾಲ್ವರ್ ನೆನಪಾಯಿತು. ಅದು ಬರುತ್ತಿದ್ದದ್ದು ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ. ಬೆಲೆ ಲಕ್ಷ ದಾಟಿತ್ತು, ಆದ್ದರಿಂದ ಪೆಟ್ಟಿಗೆ ತಪ್ಪೇನಲ್ಲ.

ಡಬ್ಬಿಯೊಳಗಿನದು ಒಂದೂ ಅವನಿಗೆ 'ಹಿಡಿಸಿರಲಿಲ್ಲ'. ಕನ್ನಡದ ಈ ಮಾತು ನನಗೆ ಆವತ್ತು ಹೊಸದಾಗಿ ಕೇಳಿಸಿತು. ಇಷ್ಟವಾಗುವುದಕ್ಕೆ ನಾವು ಹಿಡಿಸುವುದು ಅನ್ನುತ್ತೇವೆ, ಮೆಚ್ಚುಗೆ ಅಂಗೈಯಲ್ಲೇ ಹುಟ್ಟುತ್ತದೆಯೋ ಎಂಬಂತೆ. ಮದುವೆಯಾದರೆ ಕೈಹಿಡಿಯುವುದು, ದಾರಿ ತೋರುವ ಪುಸ್ತಕ ಕೈಪಿಡಿ, ಹಸಿದವನಿಗೆ ಹಿಡಿ ಅನ್ನ, ಸಿಟ್ಟು ಬಂದರೆ ಹಿಡಿಶಾಪ. ಕರಾವಳಿಯ ಅಂಚಿಗೆ ಹೋದರೆ ಪೊರಕೆಯೇ ಹಿಡಿಸೂಡಿ. ಕೊಡಲಿಗೆ ಮಾತ್ರ ಹಿಡಿಯಲ್ಲ, ಕಾವು. ಕೊಡಲಿ ಕಾವು ಕುಲಕ್ಕೆ ಸಾವು ಎಂದು ಗಾದೆ ಕಟ್ಟಿದವರು ಎಲ್ಲ ಕೇಡನ್ನೂ ಮರದ ಮೇಲೇ ಹೊರಿಸಿ ಕಬ್ಬಿಣವನ್ನು ಸುಮ್ಮನೆ ಬಿಟ್ಟರು. ಇದನ್ನು ಹೇಳಿದಾಗ ಅಳಿಯ, "ಇಲ್ಲಿನವರು ಬಂದೂಕಿನ ವಾದದಲ್ಲಿ ಕಬ್ಬಿಣ, ಮರ ಎರಡನ್ನೂ ಬಿಟ್ಟು ಕೈಯ ಮೇಲೆ ಹೊರಿಸ್ತಾರೆ," ಎಂದ.

ಹಿಡಿಯ ವಿಷಯದಲ್ಲಿ ನನಗೆ ಗುರು ನಮ್ಮ ಅಜ್ಜ. ತೋಟಕ್ಕೆ ಹೊಸ ಕತ್ತಿ ಬೇಕೆಂದಾಗ ಆಚಾರಿ ಬಾಯಿಯ ಕಡೆ ನೋಡಿದರೆ ಅಜ್ಜ ಬಾಲದ ಕಡೆ ನೋಡುತ್ತಿದ್ದ. ಕಾಸಿದ ಬಾಲವನ್ನು ಮರದ ಹಿಡಿಯೊಳಗೆ ಇಳಿಸುವಾಗ ಚುಯ್ಯೆಂದು ಹೊಗೆ ಏಳುತ್ತಿತ್ತು; ಸುಟ್ಟ ಮರದ ಆ ಸಿಹಿಗಮಟು ಈಗಲೂ ಮೂಗಿನಲ್ಲಿದೆ. ಮನೆಗೆ ತಂದ ಮೇಲೆ ಅಜ್ಜ ಒಂದು ವಾರ ಗಾಜಿನ ಚೂರಿನಿಂದ ಹಿಡಿಯನ್ನು ಹೆರೆಯುತ್ತಿದ್ದ. ಹೆರೆಯುವುದು, ಬೀಸುವುದು, ಮತ್ತೆ ಹೆರೆಯುವುದು. ನಂತರ ಆ ಕತ್ತಿ ಬೆನ್ನ ಹಿಂದೆ ಸೊಂಟದ ಕತ್ತಿಕೊಕ್ಕೆಯಲ್ಲಿ, ಊರಿಗೆಲ್ಲ ಕಾಣುವ ಹಾಗೆ ತೂಗುತ್ತಿತ್ತು. ಮುಚ್ಚಿಡುವ ಗೋಜಿಲ್ಲದ್ದರಿಂದ ಅಜ್ಜನ ಹಿಡಿಗೆ ಒಬ್ಬನೇ ಯಜಮಾನ, ಕೈ. ಅಳಿಯನ ಹಿಡಿಗೆ ಇಬ್ಬರು, ಕೈ ಮತ್ತು ಮರೆಮಾಡುವ ಜೇಬು. ಇಲ್ಲಿನ ಕೆಲವು ಅಂಗಡಿಗಳ ಬಾಗಿಲಲ್ಲಿ 30.06 ಎಂದು ಕಾನೂನಿನ ಕಲಮನ್ನು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇಂಚೆತ್ತರದ ಅಕ್ಷರದಲ್ಲಿ ಬರೆದಿರುತ್ತಾರೆ: ಮರೆಮಾಡಿದ ಆಯುಧದೊಂದಿಗೆ ಒಳಗೆ ಬರಕೂಡದು. ಕಾಣದ ವಸ್ತುವಿಗೆ ಅಷ್ಟು ದಪ್ಪ ಅಕ್ಷರ!

ತೋರಿಸಲೆಂದೇ ಹಿಡಿ ಮಾಡಿಸಿಕೊಂಡವರೂ ಇದ್ದಾರೆ. ಎರಡನೆಯ ಮಹಾಯುದ್ಧದ ಸೇನಾಪತಿ ಪ್ಯಾಟನ್ನನ ಸೊಂಟದಲ್ಲಿದ್ದ ರಿವಾಲ್ವರುಗಳಿಗೆ ದಂತದ ಹಿಡಿ. ಯಾರಾದರೂ ಮುತ್ತಿನ ಚಿಪ್ಪಿನದೆಂದರೆ ಅವನಿಗೆ ಕೆಂಡದಂಥ ಕೋಪ ಬರುತ್ತಿತ್ತಂತೆ. ಅಳಿಯನಿಗೆ ಅಂಥ ಶೋಕಿಯಿಲ್ಲ. ಅವನಿಗೆ ಬೇಕಾದದ್ದು ದಿನಕ್ಕೆ ಹದಿನಾಲ್ಕು ಗಂಟೆ ಮರೆತಿರಬಲ್ಲ, ಒಂದು ಕ್ಷಣ ನೆನಪಾಗಬಲ್ಲ ಹಿಡಿ.

ಪರಿಹಾರ ಸಿಕ್ಕಿದ್ದು ಹಳೆಯ ಕಾಲದ ಒಂದು ತುಣುಕಿನಲ್ಲಿ. ಒಕ್ಲಹೋಮಾದ ಮೆಲ್ವಿನ್ ಟೈಲರ್ ಎಂಬಾತ ಮಾಡಿದ 'ಟಿ-ಗ್ರಿಪ್'. ಹುಣಸೆಬೀಜದಂತೆ ನುಣುಪಾದ, ಹೆಬ್ಬೆರಳಷ್ಟಿರುವ ಅಲ್ಯೂಮಿನಿಯಂ ತುಂಡು. ಅಳಿಯ ಕಂಬಿಯ ಹಿಂದಿನ ಖಾಲಿ ಜಾಗಕ್ಕೆ ಇದನ್ನು ಕೂರಿಸಿ, ಎರಡು ಬದಿಗೆ ಆಕ್ರೋಟು ಮರದ ಸಣ್ಣ ಹಲಗೆಗಳನ್ನು ಒಂದೇ ಒಂದು ತಿರುಪಿನಿಂದ ಬಿಗಿದ. ಮರದ ಮೇಲೆ ಸಣ್ಣ ಸಣ್ಣ ಚೌಕುಳಿ ಗೀರು, ಕೈ ಜಾರದಿರಲಿಕ್ಕೆ. ಮುಂದಿನ ಭಾನುವಾರ ಗೆಣ್ಣು ಸುಲಿಯಲಿಲ್ಲ. ಅಂಗೈಗೆ ಗುದ್ದು ಬಿತ್ತು, ಅದನ್ನು ತಡೆದುಕೊಳ್ಳುತ್ತೇನೆಂದ. ಜೇಬು ದೂರು ಹೇಳಲಿಲ್ಲ. ಅತ್ತೆ-ಸೊಸೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡರು.

ಹೊರಡುವ ದಿನ ಅಳಿಯ ಡಬ್ಬಿಯಿಂದ ಒಂದು ಮರದ ಜೋಡಿ ತೆಗೆದು, ನೆನಪಿಗೆ ಇಟ್ಟುಕೊಳ್ಳಿ ಮಾವ ಎಂದ. ಬೆಂಗಳೂರಿನ ವಿಮಾನ ನಿಲ್ದಾಣದ ಸುಂಕದವರಿಗೆ ಇದು ಬರೀ ಮರ, ನಾನು ಬರೀ ಮೇಷ್ಟ್ರು ಎಂದು ಬಿಡಿಸಿ ಹೇಳುವ ದೃಶ್ಯ ಕಣ್ಣೆದುರು ಬಂದು ಬೇಡವೆಂದೆ. ಊರಿಗೆ ಬಂದ ಮೇಲೆ ಅಟ್ಟದಿಂದ ಅಜ್ಜನ ಕತ್ತಿ ತೆಗೆದು ಹಿಡಿದೆ. ಅಜ್ಜನ ಹೆಬ್ಬೆರಳು ಕೂತು ಕೂತು ಹಿಡಿಯಲ್ಲಿ ಒಂದು ಗುಳಿ ಬಿದ್ದಿದೆ. ಮೂರು ತೋಟ ಸವರಿದ ಗುಳಿ. ನನ್ನ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ, ಅರ್ಧ ಇಂಚು ಈಚೆಗೇ ನಿಂತಿತು.

ಮೊನ್ನೆ ವಿಡಿಯೋ ಕರೆಯಲ್ಲಿ ಅಳಿಯ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿಯ ಗೀರಿನೊಳಗಿನ ಜೇಬಿನ ಜುಂಗು ತೆಗೆಯುತ್ತಿದ್ದ. ತಿಂಗಳಿಗೊಮ್ಮೆ ಅದೊಂದು ಕೆಲಸವಂತೆ. "ಆರು ತಿಂಗಳಿಗೇ ಸವೆದುಹೋಯ್ತು ನೋಡಿ ಮಾವ," ಎಂದು ಬೇಸರದಿಂದ ಮರದ ಹಲಗೆಯೊಂದನ್ನು ಕ್ಯಾಮೆರಾಕ್ಕೆ ಹಿಡಿದ. ಕನ್ನಡಕ ಏರಿಸಿ ನೋಡಿದೆ. ಬೆರಳು ಕೂರುವ ಕಡೆ ಚೌಕುಳಿ ಇನ್ನೂ ಚೂಪಾಗಿಯೇ ಇತ್ತು. ನುಣ್ಣಗಾಗಿದ್ದದ್ದು ಬಟ್ಟೆಗೆ ತಾಗುವ ಕಡೆ.

"ಹಾಗೇ ಸವೆಯಲಿ ಬಿಡು," ಅಂದೆ.