ಎರಡು ಕೊಳಲು, ಒಂದು ಹಾಡು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ (ಹಾಸನದ್ದಲ್ಲ!) ಕೊಟ್ಟೂರು ಜಾತ್ರೆಯಿಂದ ಮರಳುವ ಮಕ್ಕಳು ಕೊಳಲು ತಂದರೆ, ಅದು ಹೆಚ್ಚಾಗಿ ತುದಿಗೆ ಬಿರಡೆಯಿರುವ, ಪೀಪಿಯಂತೆ ನೇರ ಹಿಡಿದು ಊದುವ ಬಗೆಯದು. ಯುರೋಪಿನ ರೆಕಾರ್ಡರ್ ವಾದ್ಯವೂ ಇದೇ ಕುಲದ್ದು. ಅದಕ್ಕೆ ಮುಂದೆ 7 ರಂಧ್ರ, ಹಿಂದೆ ಹೆಬ್ಬೆರಳಿಗೆ 1.

ಮನೆಯಲ್ಲಿ ಅಣ್ಣ-ತಂಗಿ ಇಬ್ಬರೂ ಕೊಳಲು ಹಿಡಿದರೆ ‘ಎರಡು ಕನಸು’ (1974) ಕಾಲದ ಹಾಡುಗಳನ್ನು ಜೋಡಿಯಾಗಿ ನುಡಿಸಬಹುದು. ರಾಜನ್-ನಾಗೇಂದ್ರರ ಧಾಟಿಗಳು ಹಿರಿಯರಿಗೆ ಬಾಯಿಪಾಠ. ತಪ್ಪಿದರೆ ಅಡುಗೆಮನೆಯಿಂದಲೇ ತಿದ್ದುಪಡಿ ಬರುತ್ತದೆ. ಒಬ್ಬರು ಧಾಟಿ ಹಿಡಿದಾಗ ಇನ್ನೊಬ್ಬರು ಷಡ್ಜ, ಪಂಚಮಗಳನ್ನು ನೀಳವಾಗಿ ಊದಿದರೂ ಸಾಕು.

ತೊಡಕಿರುವುದು ಶ್ರುತಿಯಲ್ಲಿ. ಒಂದು ಕೊಳಲು ಸೆಕೆಂಡಿಗೆ 440 ಸಲ, ಇನ್ನೊಂದು 444 ಸಲ ಕಂಪಿಸಿದರೆ ಸದ್ದು ಸೆಕೆಂಡಿಗೆ 4 ಬಾರಿ ಉಬ್ಬಿ ತಗ್ಗುತ್ತದೆ. ಈ ವಿಸ್ಪಂದವನ್ನು ಪುಸ್ತಕದಲ್ಲಿ ಓದಿ ಅಂಕ ಗಳಿಸಿದ ಎಷ್ಟೋ ಮಕ್ಕಳು ಅದನ್ನು ಕಿವಿಯಾರೆ ಕೇಳಿರುವುದಿಲ್ಲ. ಪರೀಕ್ಷೆ ಬಂತೆಂದು ಕೊಳಲನ್ನು ಅಟ್ಟಕ್ಕೇರಿಸುವ ತಂದೆ-ತಾಯಿ ಇದನ್ನು ಗಮನಿಸಬೇಕು.

ಈ ಬಗೆಯ ಕೊಳಲಲ್ಲಿ ಉಸಿರು ಬಿರುಸಾದರೆ ಸ್ವರ ಏರುತ್ತದೆ, ಮೆತ್ತಗಾದರೆ ಇಳಿಯುತ್ತದೆ. ತನ್ನದೇ ಕೇಳಿಸಬೇಕೆಂದು ಅಣ್ಣ ಜೋರಾಗಿ ಊದಿದನೋ, ತಂಗಿಯ ಸ್ವರದಿಂದ ದೂರ ಸರಿದ. ಆಗ ‘ಗಟ್ಟಿಯಾಗಿ ಊದಮ್ಮ’ ಎಂದು ತಂಗಿಯನ್ನೇ ಗದರುವುದುಂಟು. ತಗ್ಗಬೇಕಾದವನು ಅಣ್ಣ! ಉಬ್ಬು-ತಗ್ಗು ನಿಧಾನವಾಗುತ್ತ ನಿಂತುಹೋಗುವ ತನಕ ಅವನು ಉಸಿರು ಇಳಿಸುತ್ತ ಬರಲಿ.

ಚಳಿಗಾಲದ ಬೆಳಿಗ್ಗೆಯಾದರೆ ಎರಡೂ ಕೊಳಲುಗಳನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು. ಇಲ್ಲವಾದರೆ ಒಳಗಿನ ಗಾಳಿ ಕಾದಂತೆಲ್ಲ ಸ್ವರ ತಾನಾಗಿಯೇ ಏರಿ, ಎರಡನೆಯ ಚರಣದ ಹೊತ್ತಿಗೆ ಶ್ರುತಿ ಬೇರೆಯೇ ಆಗಿರುತ್ತದೆ.