ಎರಡು ಗುಂಡು, ಒಂದು ಇಣುಕು, ಎಂಟು ಗುಂಡು

ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದರೆ ಓದುವವರು ಕಡಿಮೆ ಅಂತ ಗೊತ್ತು. ಆದರೂ ಇವತ್ತು ರೈಫಲ್ ಸ್ಪರ್ಧೆಯ ಬಗ್ಗೆ ಬರೆಯೋಣ ಅನ್ನಿಸಿತು. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ನಾನು ಹೇಳಹೊರಟಿರುವುದು ಅಮೆರಿಕದಲ್ಲಿ 'ಹೈ ಪವರ್' ಅಂತ ಕರೆಯುವ ಆಟ. ಇಲ್ಲಿ ಗುರಿ ಇರೋದು 200, 300, 600 ಗಜ ದೂರದಲ್ಲಿ. ಓಹಿಯೋದ ಈರೀ ಸರೋವರದ ದಡದಲ್ಲಿ ಕ್ಯಾಂಪ್ ಪೆರ್ರಿ ಅಂತ ಜಾಗ ಇದೆ. 1907ರಲ್ಲಿ ಮೊದಲ ಸಲ ರಾಷ್ಟ್ರೀಯ ಸ್ಪರ್ಧೆ ಅಲ್ಲಿ ನಡೆಯಿತು. ಈ ಆಟದವರಿಗೆ ಅದೇ ಕಾಶಿ. ನನ್ನದು ಮಾತ್ರ ಒಂದು ಸಣ್ಣ ಕ್ಲಬ್ಬು.

ನಿಧಾನವಾಗಿ ಹೊಡೆಯುವ ಸುತ್ತಿನಲ್ಲಿ ತೊಂದರೆ ಇಲ್ಲ. ಒಂದು ಗುಂಡು ಹೊಡೀತೀರಿ. ದೂರದ ಗುಂಡಿಯಲ್ಲಿ ನಿಂತವರು ಗುರಿಹಲಗೆ ಕೆಳಗಿಳಿಸಿ, ತೂತಿಗೆ ಒಂದು ಬಿಲ್ಲೆ ಸಿಕ್ಕಿಸಿ ಮೇಲೆತ್ತುತ್ತಾರೆ. ಪಕ್ಕದ ಸ್ಪಾಟಿಂಗ್ ಸ್ಕೋಪಿನಲ್ಲಿ ಕಣ್ಣಿಟ್ಟರೆ ಬಿಲ್ಲೆ ಢಾಳಾಗಿ ಕಾಣುತ್ತೆ.

ರ‍್ಯಾಪಿಡ್ ಫೈರ್‌ನಲ್ಲಿ ಈ ಭಾಗ್ಯ ಇಲ್ಲ. ಹಳೆಯ ಕ್ರಮದಲ್ಲಿ 200 ಗಜಕ್ಕೆ ಕೂತು 60 ಸೆಕೆಂಡಿನಲ್ಲಿ 10 ಗುಂಡು, 300 ಗಜಕ್ಕೆ ಮಲಗಿ 70 ಸೆಕೆಂಡಿನಲ್ಲಿ 10 ಗುಂಡು. ಸಮಯ ಮುಗಿಯುವ ತನಕ ಹಲಗೆ ಇಳಿಯುವುದಿಲ್ಲ. ಸರ್ವಿಸ್ ರೈಫಲ್‌ನವರು ಮೊದಲ ಮ್ಯಾಗಜೀನಿನಲ್ಲಿ 2, ಎರಡನೆಯದರಲ್ಲಿ 8 ಗುಂಡು ಹಾಕಿಕೊಳ್ಳುತ್ತಾರೆ. ಹಳೆಯ ಎಂ1 ಗರಾಂಡ್ ರೈಫಲಿನ ಕ್ಲಿಪ್ಪಿಗೆ 8 ಗುಂಡು ಹಿಡಿಯುತ್ತಿತ್ತು, ಆ ಲೆಕ್ಕ ಹಾಗೇ ಉಳಿದುಬಂದಿದೆ.

ಹೀಗಾಗಿ ಎರಡು ಗುಂಡಾದ ಮೇಲೆ ಮ್ಯಾಗಜೀನ್ ಬದಲಿಸುವಾಗ ಒಂದು ಸಣ್ಣ ಬಿಡುವು ಸಿಗುತ್ತೆ. ಪ್ರಶ್ನೆ ಇರೋದೇ ಇಲ್ಲಿ. ಸ್ಕೋಪಿನಲ್ಲಿ ಇಣುಕಬೇಕೋ, ಬೇಡವೋ?

ಇಣುಕಿದರೆ ಲಾಭ ಖಂಡಿತ ಇದೆ. ಪರೀಕ್ಷೆಗೆ ಅಂತ ಮೊದಲೇ ಗುಂಡು ಹಾರಿಸಲು ಬಿಡದ ಪಂದ್ಯಗಳಲ್ಲಿ, ಗಾಳಿ ಏನು ಮಾಡುತ್ತಿದೆ ಅನ್ನೋದಕ್ಕೆ ಆ ಎರಡು ತೂತುಗಳೇ ಮೊದಲ ಸುದ್ದಿ. 300 ಗಜದ ಗುರಿಯಲ್ಲಿ 10 ಅಂಕದ ವೃತ್ತದ ಅಗಲ 7 ಇಂಚು. ನಡುವಿನಿಂದ ಮೂರೂವರೆ ಇಂಚು ಪಕ್ಕಕ್ಕೆ ಸರಿದರೆ ಸಾಕು, ಅಂಚಿಗೆ ಬಂದುಬಿಟ್ಟಿರಿ. ಎರಡೂ ತೂತು ಎಡಕ್ಕೆ 9ರಲ್ಲಿ ಕೂತಿದ್ದರೆ, ಸೈಟನ್ನು ಕೆಲವು ಕ್ಲಿಕ್ ತಿರುಗಿಸಿ ಉಳಿದ 8 ಗುಂಡು ಉಳಿಸಿಕೊಳ್ಳಬಹುದು.

ನಷ್ಟವೂ ಇದೆ. ತೂತಿನ ಗಾತ್ರ ಕಾಲು ಇಂಚಿಗಿಂತ ಕಡಿಮೆ, ಅದೂ ಕಪ್ಪು ವೃತ್ತದೊಳಗೆ. 200 ಗಜದಲ್ಲಿ ಬೆಳಕು ಚೆನ್ನಾಗಿದ್ದರೆ ಕಂಡೀತು. 300ರಲ್ಲಿ ಬಿಸಿಲಿನ ಝಳ ಎದ್ದರೆ ಎಲ್ಲ ನೀರಿನಲ್ಲಿ ಅಲ್ಲಾಡಿದ ಹಾಗೆ. ಸ್ಕೋಪಿನ ಶಕ್ತಿ ಹೆಚ್ಚಿಸಿದರೆ ಝಳವೂ ದೊಡ್ಡದಾಗುತ್ತೆ! ಕಾಣದ ತೂತು ಹುಡುಕುತ್ತಾ ಕೂತರೆ ಗಡಿಯಾರ ಕಾಯಲ್ಲ. ಜೊತೆಗೆ ಮೊಣಕೈ ಎತ್ತಿದಿರೋ, ಮೈ ಕೂತಿದ್ದ ಭಂಗಿ ಕೆಟ್ಟಿತು. ಅದಕ್ಕೇ ಅನುಭವಸ್ಥರು ತಲೆ ಸ್ವಲ್ಪ ವಾಲಿಸಿದರೆ ಸಾಕು ಅನ್ನುವ ಹಾಗೆ, ಓರೆ ಐಪೀಸ್ ಇರುವ ಸ್ಕೋಪನ್ನು ಮುಖದ ಪಕ್ಕಕ್ಕೇ ನಿಲ್ಲಿಸಿಕೊಳ್ಳುತ್ತಾರೆ.

ಗುಂಡಿಯಲ್ಲಿ ಹಲಗೆ ಎಳೆಯುವ ಪಾಳಿ ನಮಗೆಲ್ಲ ಬರುತ್ತೆ. ಅಲ್ಲಿಂದ ನೋಡಿದಾಗಲೇ ನನಗೆ ಈ ವಿಷಯ ಸರಿಯಾಗಿ ಅರ್ಥ ಆಗಿದ್ದು. ಸಮಯ ಮುಗಿದು ಹಲಗೆ ಇಳಿಸಿದಾಗ ಎರಡು ರೀತಿಯ ಬೇಸರದ ಚಿತ್ರ ಕಾಣುತ್ತೆ. ಒಂದು, ಹತ್ತೂ ತೂತು ಮುಷ್ಟಿಯಷ್ಟು ಜಾಗದಲ್ಲಿ, ಆದರೆ ಇಡೀ ಗುಂಪು ಎಡಕ್ಕೆ. ಪಾಪ, ಎಲ್ಲವನ್ನೂ ಸರಿಯಾಗಿ ಮಾಡಿದ್ದಾನೆ, ಗೊತ್ತಾಗಿಲ್ಲ ಅಷ್ಟೆ. ಇನ್ನೊಂದು, ಎರಡು ತೂತು ಸರಿಯಾಗಿ ನಡುವೆ, ಮಿಕ್ಕ ಎಂಟು ಚೆಲ್ಲಾಪಿಲ್ಲಿ. ಇವನು ಇಣುಕಿ, ಖುಷಿಪಟ್ಟು, ಆಮೇಲೆ ಅವಸರಕ್ಕೆ ಬಿದ್ದಿರಬೇಕು ಅಂತ ನನ್ನ ಊಹೆ. ನಮ್ಮ ಕ್ಲಬ್ಬಿನ ಹೊಸಬರಲ್ಲಿ ಈ ಎರಡನೆಯದೇ ಜಾಸ್ತಿ.

ನನಗನ್ನಿಸೋದು ಇಷ್ಟು. ಸಮಾಧಾನಕ್ಕೆ ಅಂತ ಇಣುಕಬಾರದು, ತೀರ್ಮಾನಕ್ಕೆ ಅಂತ ಇಣುಕಬೇಕು. ಕೂರುವ ಮೊದಲೇ ಪ್ರಶ್ನೆ ಗೊತ್ತಿರಬೇಕು. ಇದು ನನ್ನದೇ ನಂಬರಿನ ಹಲಗೆಯಾ? (ಪಕ್ಕದವರದ್ದಕ್ಕೆ ಹೊಡೆದರೆ ಅಂಕ ಸೊನ್ನೆ.) ಎರಡೂ ಗುಂಡು ಒಂದೇ ಕಡೆಗೆ ಹೋಗಿವೆಯಾ? ಒಂದು ಮಾತ್ರ ಆಚೆ ಹೋಗಿದ್ದರೆ ಅದು ಬೆರಳಿನ ತಪ್ಪೂ ಇರಬಹುದು, ಸೈಟು ಮುಟ್ಟಬೇಡಿ. ಎರಡೂ ಒಟ್ಟಿಗೆ ಹೋಗಿದ್ದರೆ ತಿರುಗಿಸಿ. ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ ಕಾಣಲಿಲ್ಲವಾ, ಬಿಟ್ಟು ಮುಂದೆ ಹೋಗಿ.

ಮದುವೆಮನೆ ಫೋಟೋಗ್ರಾಫರನ್ನು ನೋಡಿ. ಲೈಟು ಸರಿ ಇದೆಯಾ ಅಂತ ಮೊದಲೆರಡು ಫೋಟೋ ನೋಡಿಕೊಂಡರೆ ಜಾಣ. ಪ್ರತಿ ಕ್ಲಿಕ್ಕಿಗೂ ಸ್ಕ್ರೀನು ನೋಡ್ತಾ ನಿಂತರೆ ಅಷ್ಟರಲ್ಲಿ ಮಾಂಗಲ್ಯಧಾರಣೆ ಆಗಿಹೋಗಿರುತ್ತೆ :-)

ಈಗ ಕೆಲವು ಕಡೆ ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಿವೆ, ಗುಂಡು ಬಿದ್ದ ಜಾಗ ತಕ್ಷಣ ಪರದೆ ಮೇಲೆ ಕಾಣುತ್ತೆ. ತೂತು ಹುಡುಕುವ ಕಷ್ಟ ತಪ್ಪಿತು ನಿಜ. ಆದರೆ ಸೈಟಿನಿಂದ ಕಣ್ಣು ತೆಗೆಯುವ ಬೆಲೆ ಅಷ್ಟೇ ಇದೆ. ಇನ್ನೂ ಎಂಟು ಗುಂಡು ಬಾಕಿ ಇರುತ್ತವಲ್ಲ!